ಮೀನಂಗಡಿಯ ಕರುಳಿನಲ್ಲಿ ಎಷ್ಟು ಎಣ್ಣೆ ಇದೆ?

ಪ್ರಶ್ನೆ: ಯಶವಂತಪುರದ ಹತ್ತಿರ ನಾನು, ನನ್ನ ತಮ್ಮ ಸೇರಿ ಮೀನಿನ ಅಂಗಡಿ ನಡೆಸುತ್ತೇವೆ. ಜಾಸ್ತಿ ಹೋಗುವುದು ರೋಹು, ಕಾಟ್ಲಾ. ವಾರಕ್ಕೆ ಎರಡು ಮೂರು ಸಲ ಮಂಗಳೂರು ಕಡೆಯಿಂದ ಬೂತಾಯಿ, ಬಂಗುಡೆ ತರಿಸುತ್ತೇವೆ. ಕ್ಲೀನ್ ಮಾಡಿದ ಮೇಲೆ ದಿನಕ್ಕೆ ಸುಮಾರು 80 ಕೆಜಿ ಕಸ ಉಳಿಯುತ್ತದೆ. ಅದನ್ನು ಒಯ್ಯುವವರಿಗೆ ನಾವೇ ದುಡ್ಡು ಕೊಡುತ್ತಿದ್ದೇವೆ. ಈ ಕಸದಿಂದ ಒಮೆಗಾ-3 ಎಣ್ಣೆ ತೆಗೆದು ಕ್ಯಾಪ್ಸೂಲ್ ಕಂಪನಿಗೆ ಮಾರಬಹುದು, ದಿನಕ್ಕೆ 10 ಲೀಟರ್ ಗ್ಯಾರಂಟಿ ಎಂದು ಯಂತ್ರ ಮಾರುವವರೊಬ್ಬರು ಹೇಳಿದರು. ಸಾಲ ಮಾಡಿ ಯಂತ್ರ ಹಾಕಬಹುದಾ ಸಾರ್?
— ಒಬ್ಬ ಓದುಗರು, ಯಶವಂತಪುರ

ಉತ್ತರ: ಸಾಲದ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸದ್ಯಕ್ಕೆ ಬೇಡ. ನಿಮ್ಮ ಕಸದಲ್ಲಿ ಎಣ್ಣೆ ಇರುವುದು ನಿಜ. ಅದಕ್ಕೆ ಬೆಲೆ ಇರುವುದೂ ನಿಜ. ಆದರೆ ಆ 10 ಲೀಟರ್ ಲೆಕ್ಕ ತಪ್ಪು, ಕ್ಯಾಪ್ಸೂಲ್ ಮಾತು ಇನ್ನೂ ತಪ್ಪು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಈ ಕೆಲಸ ಮಾಡಲೇಬೇಕಾದ ಕೆಲಸ, ತಪ್ಪು ದಾರಿಯಲ್ಲಿ ಶುರು ಮಾಡಿ ನೀವು ಕೈ ಸುಟ್ಟುಕೊಳ್ಳಬಾರದು.

80 ಕೆಜಿಯಿಂದ ಶುರು ಮಾಡೋಣ. 10 ಲೀಟರ್ ಮೀನೆಣ್ಣೆ ಅಂದರೆ ಸುಮಾರು 9 ಕೆಜಿ. ಅಷ್ಟು ಬರಬೇಕಾದರೆ ನಿಮ್ಮ ಕಸದ ಪ್ರತಿ ಕೆಜಿಯಲ್ಲೂ ನೂರು ಗ್ರಾಂಗಿಂತ ಜಾಸ್ತಿ ಕೊಬ್ಬು ಇರಬೇಕು, ಅದು ಒಂದು ಹನಿಯೂ ಬಿಡದೆ ಹೊರಗೆ ಬರಬೇಕು. ಎರಡೂ ಆಗುವುದಿಲ್ಲ. ನಿಮ್ಮ ಬಕೆಟ್‌ನಲ್ಲಿ ಏನಿದೆ ಒಮ್ಮೆ ನೆನಪು ಮಾಡಿಕೊಳ್ಳಿ. ಹುರುಪೆ, ಕಿವಿರು, ರೆಕ್ಕೆ, ರಕ್ತದ ನೀರು. ಇವುಗಳಲ್ಲಿ ತೆಗೆಯುವಷ್ಟು ಎಣ್ಣೆ ಇಲ್ಲ. ರೋಹು ತಲೆಯಲ್ಲಿ ಸ್ವಲ್ಪ ಕೊಬ್ಬಿದೆ, ಆದರೆ ಬೆಂಗಳೂರಿನ ಗಿರಾಕಿ ಅದನ್ನು ಸಾರಿಗೆ ಅಂತ ಕೇಳಿ ಒಯ್ಯುತ್ತಾರೆ ಅಲ್ವಾ? ಉಳಿಯುವುದು ಕರುಳು ಮತ್ತು ಅದಕ್ಕೆ ಅಂಟಿಕೊಂಡ ಬಿಳಿ ಕೊಬ್ಬು. ಎಣ್ಣೆ ಇರುವುದು ಅಲ್ಲಿ. ಸಾಕಿದ ರೋಹು, ಕಾಟ್ಲಾ ಚೆನ್ನಾಗಿ ಮೇವು ತಿಂದು ಬೆಳೆದಿದ್ದರೆ ಕರುಳಿನ ಸುತ್ತ ಕೊಬ್ಬು ದಪ್ಪಗೆ ಕೂತಿರುತ್ತದೆ. ಪಂಗಾಸ್ ಮೀನಿನಲ್ಲಂತೂ ಹೊಟ್ಟೆ ಸೀಳಿದ ಕೂಡಲೇ ಕಣ್ಣಿಗೆ ಕಾಣುತ್ತದೆ. ವಿಯೆಟ್ನಾಮಿನಲ್ಲಿ ಪಂಗಾಸ್ ಕೊಬ್ಬು ಕರಗಿಸುವುದೇ ಒಂದು ದೊಡ್ಡ ಉದ್ಯಮ.

80 ಕೆಜಿಯಲ್ಲಿ 40 ಕೆಜಿ ಕರುಳು ಎಂದು ಇಟ್ಟುಕೊಳ್ಳಿ. ಹತ್ತರಲ್ಲಿ ಒಂದು ಪಾಲು ಕೊಬ್ಬು ಎಂದರೂ 4 ಕೆಜಿ. ಚಿಕ್ಕ ಮಟ್ಟದ ಕೆಲಸದಲ್ಲಿ ಅದರ ಮುಕ್ಕಾಲು ಭಾಗ ಕೈಗೆ ಬಂದರೆ ದೊಡ್ಡದು. ಅಂದರೆ ದಿನಕ್ಕೆ 3 ಕೆಜಿ. ಇದು ನನ್ನ ಅಂದಾಜು, ನಿಮ್ಮ ಅಂಗಡಿಯ ನಿಜ ಅಲ್ಲ. ನಿಮ್ಮ ನಿಜವನ್ನು ನೀವೇ ಅಳೆಯಬಹುದು, ಅದಕ್ಕೆ ಯಂತ್ರ ಬೇಡ.

ಹೀಗೆ ಮಾಡಿ. ಬೆಳಿಗ್ಗೆ ಕತ್ತರಿಸಿದ ತಾಜಾ ಕರುಳು ಒಂದು ಕೆಜಿ ತೂಗಿ ತೆಗೆದುಕೊಳ್ಳಿ. ಪಿತ್ತಕೋಶವನ್ನು ಒಡೆಯದೆ ತೆಗೆದು ಬಿಸಾಡಿ. ಬರೀ ಕಹಿ ಅಂತ ಅಲ್ಲ, ಪಿತ್ತರಸ ಸೋಪಿನ ಹಾಗೆ ಕೆಲಸ ಮಾಡುತ್ತದೆ. ಎಣ್ಣೆಯನ್ನು ನೀರಿನಲ್ಲಿ ಕಲಸಿ ಹಾಲಿನ ಹಾಗೆ ಮಾಡಿಬಿಡುತ್ತದೆ, ಆಮೇಲೆ ಬೇರೆ ಮಾಡುವುದು ಕಷ್ಟ. ಕರುಳನ್ನು ಸಣ್ಣಗೆ ಹೆಚ್ಚಿ ಸ್ಟೀಲ್ ಪಾತ್ರೆಗೆ ಹಾಕಿ. ಅರ್ಧ ಲೀಟರ್ ನೀರು, ಒಂದು ಚಮಚ ಉಪ್ಪು. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಇಡಿ. ಕೊತಕೊತ ಕುದಿಯಬಾರದು, 85ರಿಂದ 90 ಡಿಗ್ರಿ ಸಾಕು. ಜೋರಾಗಿ ಕುದಿಸಿದರೆ ಎಣ್ಣೆ ಮತ್ತೆ ನೀರಲ್ಲಿ ಕಡೆದುಹೋಗುತ್ತದೆ. ಬೆಣ್ಣೆ ಕಾಯಿಸುವಾಗ ಮನೆಯಲ್ಲಿ ಉರಿ ಸಣ್ಣ ಮಾಡಿ ಕಾಯುತ್ತಾರಲ್ಲ, ಅದೇ ತಾಳ್ಮೆ ಇಲ್ಲೂ ಬೇಕು. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿ ಹಿಂಡಿ, ಉದ್ದನೆಯ ಗಾಜಿನ ಜಾಡಿಗೆ ಹಾಕಿ ಇಡಿ. ಮೇಲೆ ಎಣ್ಣೆ, ನಡುವೆ ನೀರು, ತಳದಲ್ಲಿ ಗಸಿ. ಮೇಲಿನದನ್ನು ತೆಗೆದು ತೂಗಿ.

ಇದನ್ನು ಒಂದು ದಿನ ಮಾಡಿದರೆ ಸಾಲದು. ರೋಹು ಬೇರೆ, ಪಂಗಾಸ್ ಬೇರೆ, ಬೂತಾಯಿ ಬೇರೆ ಮಾಡಿ ನೋಡಿ. ಬೂತಾಯಿಯ ಇಂಗ್ಲಿಷ್ ಹೆಸರಿನಲ್ಲೇ ಎಣ್ಣೆ ಇದೆ, ಅದು ಆಯಿಲ್ ಸಾರ್ಡೀನ್. ಮಳೆಗಾಲ ಮುಗಿದ ಮೇಲೆ ಅದರ ಮೈಯಲ್ಲಿ ಕೊಬ್ಬು ನೂರಕ್ಕೆ 15ರವರೆಗೂ ಏರುತ್ತದೆ, ಮೊಟ್ಟೆಯಿಟ್ಟ ಮೇಲೆ ಕೆಲವೇ ಪಾಲಿಗೆ ಇಳಿಯುತ್ತದೆ. ಅದೇ ಮೀನು, ಅದೇ ಬಲೆ, ತಿಂಗಳು ಮಾತ್ರ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಕಡಲ ಮೀನಿನ ಕಸವೂ ಬಹುತೇಕ ನಿಂತುಹೋಗುತ್ತದೆ. ಸಾಲದ ಕಂತು ನಿಲ್ಲುವುದಿಲ್ಲ.

ಈಗ ಒಮೆಗಾ-3 ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ನಿರ್ಧಾರ ನಿಂತಿರುವುದು ಇದರ ಮೇಲೆ.

ಎಲ್ಲ ಮೀನೆಣ್ಣೆಯೂ ಒಂದೇ ಅಲ್ಲ. ಕ್ಯಾಪ್ಸೂಲಿನವರಿಗೆ ಬೇಕಾದ್ದು ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬಿನ ಆಮ್ಲ. ಇವನ್ನು ಮೊದಲು ತಯಾರಿಸುವುದು ಕಡಲಿನ ಸೂಕ್ಷ್ಮ ಪಾಚಿ. ಪಾಚಿ ತಿಂದ ಸಣ್ಣ ಮೀನಿಗೆ, ಅದನ್ನು ತಿಂದ ದೊಡ್ಡ ಮೀನಿಗೆ ಹೀಗೆ ಏರುತ್ತಾ ಹೋಗುತ್ತದೆ. ಕ್ಯಾಪ್ಸೂಲ್ ಉದ್ಯಮದಲ್ಲಿ ಸಾಮಾನ್ಯವಾಗಿ ಕೊಳ್ಳುವ ಎಣ್ಣೆಗೆ "18/12" ಎಂದು ಕರೆಯುತ್ತಾರೆ. ನೂರರಲ್ಲಿ 18 ಪಾಲು ಇಪಿಎ, 12 ಪಾಲು ಡಿಎಚ್‌ಎ. ಪೆರು ದೇಶದ ಆಂಚೊವಿ ಮೀನು ಇದಕ್ಕೆ ದೊಡ್ಡ ಮೂಲ. 2023ರಲ್ಲಿ ಕಡಲು ಬಿಸಿಯೇರುವ ಎಲ್ ನಿನೊ ಕಾರಣಕ್ಕೆ ಪೆರು ತನ್ನ ಮೊದಲ ಆಂಚೊವಿ ಹಂಗಾಮನ್ನೇ ರದ್ದು ಮಾಡಿತು, ಮೀನೆಣ್ಣೆಯ ಬೆಲೆ ಜಗತ್ತಿನ ಎಲ್ಲ ಕಡೆ ಏರಿತು. ನಿಮಗೆ ಯಂತ್ರ ಮಾರಲು ಬಂದವರ ಮಾತಿನ ಹಿಂದೆ ಆ ಬೆಲೆಯ ನೆನಪು ಇದ್ದರೂ ಇರಬಹುದು.

ಆಂಧ್ರದ ಕೆರೆಯಲ್ಲಿ ತೌಡು, ಹಿಂಡಿ ತಿಂದು ಬೆಳೆದ ರೋಹುವಿನ ಕರುಳಿನ ಕೊಬ್ಬು ಹಾಗಲ್ಲ. ಅದರಲ್ಲಿ ಜಾಸ್ತಿ ಇರುವುದು ಪಾಮಿಟಿಕ್, ಓಲಿಯಿಕ್ ಆಮ್ಲಗಳು. ತಾಳೆ ಎಣ್ಣೆಯಲ್ಲೂ ಮುಖ್ಯವಾಗಿ ಇರುವುದು ಇವೇ. ಇಪಿಎ, ಡಿಎಚ್‌ಎ ಇರುತ್ತವೆ, ಆದರೆ ಸ್ವಲ್ಪ. ಜಾಡಿಯ ಎಣ್ಣೆಯನ್ನು ರಾತ್ರಿ ಫ್ರಿಜ್‌ನಲ್ಲಿಟ್ಟು ನೋಡಿ. ಬೆಳಿಗ್ಗೆಗೆ ಅರ್ಧಕ್ಕರ್ಧ ಗಟ್ಟಿಯಾಗಿದ್ದರೆ, ಆ ಗಟ್ಟಿ ಭಾಗ ಕ್ಯಾಪ್ಸೂಲಿನವರಿಗೆ ಬೇಡದ ಕೊಬ್ಬು ಎಂದು ತಿಳಿಯಿರಿ. ಸೋಪಿಗೆ ಅದೇ ಒಳ್ಳೆಯದು.

ನಿಮ್ಮ ಬೂತಾಯಿ ಕಸದ ಎಣ್ಣೆ ಇದಕ್ಕಿಂತ ಎಷ್ಟೋ ಮೇಲು. ಟ್ಯೂನಾ ತಲೆ ಸಿಕ್ಕಿದರೆ ಅದರ ಕಣ್ಣುಗುಳಿಯ ಕೊಬ್ಬಿನಲ್ಲಿ ಡಿಎಚ್‌ಎ ನೂರಕ್ಕೆ 25ರ ಆಸುಪಾಸು ಇರುತ್ತದೆ. ಆದರೆ ಅಲ್ಲಿಂದ ಕ್ಯಾಪ್ಸೂಲಿಗೆ ಹೋಗುವ ದಾರಿ ಉದ್ದ. ಮೊದಲು ಅಂಟು ತೆಗೆಯಬೇಕು. ಎಣ್ಣೆ ಒಡೆದು ಆದ ಬಿಡಿ ಆಮ್ಲವನ್ನು ಕಾಸ್ಟಿಕ್ ಸೋಡದಿಂದ ಕಳೆಯಬೇಕು. ವಿಶೇಷ ಜೇಡಿಮಣ್ಣಿನಲ್ಲಿ ಬಣ್ಣ ಇಳಿಸಬೇಕು. ಗಾಳಿ ಎಳೆದ ಪಾತ್ರೆಯಲ್ಲಿ ಹಬೆ ಹಾಯಿಸಿ ವಾಸನೆ ತೆಗೆಯಬೇಕು. ಇಪಿಎ, ಡಿಎಚ್‌ಎಯನ್ನು ಇನ್ನೂ ಗಟ್ಟಿ ಪ್ರಮಾಣಕ್ಕೆ ತರಲು ಬೇರೆ ವಿಧಾನಗಳಿವೆ. ಅದರಲ್ಲಿ ಒಂದು ನನಗೆ ಯಾವತ್ತೂ ಬೆರಗು ಹುಟ್ಟಿಸುವಂಥದ್ದು, ಯೂರಿಯಾ ವಿಧಾನ. ಎಣ್ಣೆಯನ್ನು ಮೊದಲು ಒಡೆದು ಬಿಡಿ ಆಮ್ಲ ಮಾಡುತ್ತಾರೆ. ಯೂರಿಯಾ ಕರಗಿಸಿದ ಆಲ್ಕೋಹಾಲಿಗೆ ಅದನ್ನು ಸೇರಿಸಿ ತಣ್ಣಗೆ ಮಾಡುತ್ತಾರೆ. ಯೂರಿಯಾ ಹರಳುಗಟ್ಟುವಾಗ ಒಳಗೆ ಸಣ್ಣ ಸಣ್ಣ ಕೊಳವೆ ಆಗುತ್ತದೆ. ಬಿದಿರಿನ ಅಂಡೆಗೆ ನೇರ ಕೋಲು ತೂರುತ್ತದೆ, ಸೊಟ್ಟ ಕೊಂಬೆ ತೂರುವುದಿಲ್ಲ ಅಲ್ವಾ? ಹಾಗೇ ನೇರವಾಗಿರುವ ಪಾಮಿಟಿಕ್ ಥರದ ಆಮ್ಲಗಳು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಐದಾರು ಕಡೆ ಬಾಗಿರುವ ಇಪಿಎ, ಡಿಎಚ್‌ಎ ಹೊರಗೇ ಉಳಿಯುತ್ತವೆ. ಹರಳು ಸೋಸಿದರೆ ಬೇಕಾದ್ದು ದ್ರವದಲ್ಲಿ. ಹೊಲಕ್ಕೆ ಹಾಕುವ ಅದೇ ಯೂರಿಯಾ ಇಂಥ ನಾಜೂಕು ಕೆಲಸ ಮಾಡುತ್ತದೆ. ಆದರೆ ಇದು ಪ್ರಯೋಗಾಲಯ ಮತ್ತು ದೊಡ್ಡ ಕಾರ್ಖಾನೆಯ ಕೆಲಸ. ದಿನಕ್ಕೆ 3 ಕೆಜಿ ಎಣ್ಣೆಗೆ ಹೊಂದುವುದಿಲ್ಲ.

ಇನ್ನೂ ಒಂದು ಗೋಡೆ ಇದೆ, ಗುಣಮಟ್ಟ. ಮೀನೆಣ್ಣೆಗೆ 2017ರಲ್ಲಿ ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ಮಾನದಂಡ ಬಂತು. ತಿನ್ನುವ ಮೀನೆಣ್ಣೆಯಲ್ಲಿ ಪೆರಾಕ್ಸೈಡ್ ಮೌಲ್ಯ 5 ದಾಟಬಾರದು, ಅನಿಸಿಡಿನ್ ಮೌಲ್ಯ 20 ದಾಟಬಾರದು. ಮೊದಲನೆಯದನ್ನು ಎರಡರಿಂದ ಗುಣಿಸಿ ಎರಡನೆಯದನ್ನು ಕೂಡಿಸಿದರೆ ಟೋಟಾಕ್ಸ್ ಬರುತ್ತದೆ, ಅದು 26 ಒಳಗಿರಬೇಕು. ಇವೆಲ್ಲ ಎಣ್ಣೆ ಎಷ್ಟು ಕಮಟಿದೆ ಎಂದು ಹೇಳುವ ಅಂಕಿಗಳು. ಮೀನೆಣ್ಣೆ ಯಾಕೆ ಇಷ್ಟು ಬೇಗ ಕಮಟುತ್ತದೆ? ಕಡಲೆಕಾಯಿ ಎಣ್ಣೆಯ ಮುಖ್ಯ ಆಮ್ಲಗಳಲ್ಲಿ ಒಂದೋ ಎರಡೋ ಜೋಡಿ ಬಂಧ ಇರುತ್ತದೆ. ಇಪಿಎಯಲ್ಲಿ 5, ಡಿಎಚ್‌ಎಯಲ್ಲಿ 6. ಗಾಳಿಯ ಆಮ್ಲಜನಕ ಬಂದು ಕಚ್ಚುವುದು ಆ ಜಾಗಗಳನ್ನೇ. ದೇಹಕ್ಕೆ ಒಳ್ಳೆಯದು ಎನ್ನಿಸಿಕೊಂಡ ಗುಣವೇ ಅದನ್ನು ಬೇಗ ಕೆಡಿಸುತ್ತದೆ.

ನಾನು ಕಲಿಯುವ ದಿನಗಳಲ್ಲಿ ಕರಾವಳಿಯ ಒಂದು ಘಟಕದಲ್ಲಿ ಕೆಲವು ವಾರ ಇದ್ದೆ. ಒಂದು ದಿನ ಲಾರಿ ತಡವಾಗಿ ಬಂತು. ಐಸ್ ಕರಗಿಹೋಗಿತ್ತು. ಆದರೂ ಮೀನನ್ನು ಬೇಯಿಸಿದರು. ಎಣ್ಣೆ ಬಂತು, ತೂಕವೂ ಸರಿಯಾಗಿಯೇ ಇತ್ತು. ಆದರೆ ಬಣ್ಣ ಕಪ್ಪು ಚಹಾದ ಹಾಗೆ, ಮೂಗು ಹಿಡಿಯುವ ವಾಸನೆ. ಅಷ್ಟೂ ಪೀಪಾಯಿಯನ್ನು ಕೊಳ್ಳುವವರು ವಾಪಸ್ ಕಳಿಸಿದರು. ಅಲ್ಲಿದ್ದ ಹಳೆಯ ಕೆಲಸಗಾರರೊಬ್ಬರು "ಎಣ್ಣೆ ಕೆಟ್ಟಿದ್ದು ಇಲ್ಲಿ ಅಲ್ಲ ಮಾರಾಯ್ರೆ, ದಾರಿಯಲ್ಲಿ" ಅಂದರು. ಆ ಮಾತು ನನ್ನ ತಲೆಯಲ್ಲಿ ಹಾಗೇ ಕೂತಿದೆ.

ನಿಮ್ಮ ಅಂಗಡಿಯಲ್ಲೂ ಎಣ್ಣೆ ಕೆಡುವುದು ಬಕೆಟ್‌ನಲ್ಲೇ. ಕರುಳು ಅಂದರೆ ಜೀರ್ಣ ಮಾಡುವ ಅಂಗ. ಮೀನು ಸತ್ತ ಮೇಲೂ ಅದರ ಕಿಣ್ವಗಳು ಸುಮ್ನೆ ಕೂರುವುದಿಲ್ಲ. ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆದು ಬಿಡಿ ಆಮ್ಲ ಮಾಡುತ್ತಾ ಹೋಗುತ್ತದೆ. ಶುದ್ಧ ಮಾಡುವವರು ಆ ಬಿಡಿ ಆಮ್ಲವನ್ನು ಕಾಸ್ಟಿಕ್ ಹಾಕಿ ಸೋಪು ಮಾಡಿ ತೆಗೆಯುತ್ತಾರೆ, ಅದರ ಜೊತೆ ಒಳ್ಳೆಯ ಎಣ್ಣೆಯೂ ಸ್ವಲ್ಪ ಹೋಗುತ್ತದೆ. ಇನ್ನು ರಕ್ತದಲ್ಲಿರುವ ಕಬ್ಬಿಣದ ಅಂಶ ಕಮಟುವಿಕೆಗೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಬೆಳಿಗ್ಗೆ 7ಕ್ಕೆ ಕತ್ತರಿಸಿದ ಕರುಳು ಮಧ್ಯಾಹ್ನ 2ರವರೆಗೆ ಬಿಸಿಲಿನಲ್ಲಿ ಕೂತಿದ್ದರೆ ಎಷ್ಟೇ ದುಬಾರಿ ಯಂತ್ರ ಬಂದರೂ ಅದನ್ನು ಸರಿ ಮಾಡಲಾರದು.

ಹಾಗಾಗಿ ನೀವು ಮೊದಲು ಕೊಳ್ಳಬೇಕಾದ್ದು ಎರಡು ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮು ಮತ್ತು ಇನ್ನಷ್ಟು ಐಸ್. ಕತ್ತರಿಸುವ ಹಲಗೆಯ ಪಕ್ಕದಲ್ಲೇ ಕರುಳು ಬೇರೆ, ಹುರುಪೆ ಕಿವಿರು ಬೇರೆ ಮಾಡುವ ಅಭ್ಯಾಸ ಹುಡುಗರಿಗೆ ಆಗಬೇಕು. ಕಬ್ಬಿಣ, ತಾಮ್ರದ ಪಾತ್ರೆ ಎಣ್ಣೆಯ ಹತ್ತಿರ ಸುಳಿಯಬಾರದು, ಅವೂ ಕಮಟಿಸುತ್ತವೆ. ತೆಗೆದ ಎಣ್ಣೆಯನ್ನು ಕ್ಯಾನಿನ ಬಾಯಿವರೆಗೂ ತುಂಬಿ ಕತ್ತಲಲ್ಲಿ ಇಡಬೇಕು. ಅರ್ಧ ತುಂಬಿದ ಕ್ಯಾನಿನಲ್ಲಿ ಉಳಿದ ಅರ್ಧ ಗಾಳಿಯೇ ಅದಕ್ಕೆ ಶತ್ರು.

ಹಾಗಾದರೆ ಏನು ಮಾಡಬಹುದು? ನನ್ನ ಸಲಹೆ ಸೈಲೇಜ್. ಹೆಸರು ರೈತರಿಗೆ ಗೊತ್ತಿರುವುದೇ, ಜೋಳದ ದಂಟನ್ನು ಹುಳಿ ಬರಿಸಿ ಇಡುವ ಹಾಗೆ ಮೀನನ್ನು ಹುಳಿಯಲ್ಲಿ ಇಡುವುದು. ಕರುಳು ಮತ್ತು ಮೆತ್ತನೆ ಕಸವನ್ನು ಅರೆದು, ತೂಕದ ನೂರಕ್ಕೆ 3ರಿಂದ 3.5 ಪಾಲು ಫಾರ್ಮಿಕ್ ಆಮ್ಲ ಬೆರೆಸಬೇಕು, ಅಂದರೆ ಕೆಜಿಗೆ 30ರಿಂದ 35 ಗ್ರಾಂ. ಇದು ನೂರಕ್ಕೆ 85 ಪಾಲು ಗಟ್ಟಿಯಿರುವ ಆಮ್ಲದ ಲೆಕ್ಕ. ಸುಳ್ಯ, ಪುತ್ತೂರು ಕಡೆ ರಬ್ಬರ್ ಹಾಲು ಗಟ್ಟಿ ಮಾಡಲು ಬಳಸುತ್ತಾರಲ್ಲ, ಅದೇ ಆಮ್ಲ. ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4ರ ಕೆಳಗೆ ಬಂದರೆ ಕೊಳೆಸುವ ಬ್ಯಾಕ್ಟೀರಿಯಾ ನಿಲ್ಲುತ್ತವೆ. ಆದರೆ ಕರುಳಿನ ಕಿಣ್ವಗಳು ಕೆಲಸ ಮುಂದುವರಿಸಿ ಮಾಂಸವನ್ನು ನೀರು ಮಾಡುತ್ತವೆ. ದಿನಕ್ಕೊಮ್ಮೆ ಕಲಕಿದರೆ ಬೆಂಗಳೂರಿನ ಹವೆಯಲ್ಲಿ ವಾರದ ಆಸುಪಾಸಿನಲ್ಲಿ ಗಂಜಿಯಂತೆ ಆಗುತ್ತದೆ. ವಾಸನೆ ಕೊಳೆತ ಮೀನಿನದಲ್ಲ, ಹುಳಿ ವಾಸನೆ. ಅದನ್ನು ಬಿಸಿ ಮಾಡಿ ನಿಲ್ಲಿಸಿದರೆ ಎಣ್ಣೆ ಮೇಲೆ ಬರುತ್ತದೆ. ಕೆಳಗಿನ ದ್ರವದಲ್ಲಿ ಕರಗಿದ ಪ್ರೋಟೀನು ಇರುತ್ತದೆ.

ಆಮ್ಲದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಫಾರ್ಮಿಕ್ ಆಮ್ಲ ಚರ್ಮ ಸುಡುತ್ತದೆ, ಹಬೆ ಎದೆಗೆ ಕೂರುತ್ತದೆ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ತೆರೆದ ಜಾಗ. ಇನ್ನೊಂದು ಮಾತು ಬೇಡಿಕೊಂಡು ಹೇಳುತ್ತೇನೆ. ಆಮ್ಲ ಸಾಲದೆ ಒಳಗೆ ಕೊಳೆತ ಮೀನಿನ ಟ್ಯಾಂಕಿಗೆ ಯಾರೂ ಇಳಿಯಬಾರದು, ತಲೆ ಬಗ್ಗಿಸಿ ನೋಡಲೂ ಬಾರದು. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಸೇರುತ್ತದೆ, ಎರಡು ಉಸಿರಿನಲ್ಲಿ ಮನುಷ್ಯ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ.

ಆಮ್ಲ ಬೇಡ ಅನ್ನಿಸಿದರೆ ಬೆಲ್ಲ ಅಥವಾ ಕಾಕಂಬಿ ಹಾಕಿ ಹುಳಿ ಬರಿಸುವ ದಾರಿಯೂ ಇದೆ. ಕರುಳಿನ ತೂಕದ ಹತ್ತನೇ ಒಂದು ಪಾಲಿನಷ್ಟು ಸಿಹಿ, ಜೊತೆಗೆ ಮೊಸರಿನಲ್ಲಿರುವ ಜಾತಿಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಅವೇ ಆಮ್ಲ ತಯಾರಿಸುತ್ತವೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಸಿಹಿನೀರು ಮೀನಿನ ಕರುಳಿನ ಮೇಲೇ ಇಂಥ ಕೆಲಸ ಮಾಡಿ ಎಣ್ಣೆ ತೆಗೆದು ತೋರಿಸಿದ್ದಾರೆ. ನಿಮ್ಮ ಕಸಕ್ಕೆ ಇದು ತುಂಬಾ ಹತ್ತಿರದ ಸಂಶೋಧನೆ. ಕೊಚ್ಚಿಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಸಿಐಎಫ್‌ಟಿ, 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು, ಇಲ್ಲಿಯೂ ಕೇಳಬಹುದು. ಯಂತ್ರದವರಿಗೆ ಮುಂಗಡ ಕೊಡುವ ಮೊದಲು ಮೈಸೂರಿಗೆ ಒಂದು ದಿನ ಹೋಗಿ ಬನ್ನಿ.

ಸೈಲೇಜ್ ಎಣ್ಣೆಯಲ್ಲಿ ಬಿಡಿ ಆಮ್ಲ ಜಾಸ್ತಿ. ಹಾಗಾಗಿ ಅದು ಮನುಷ್ಯರು ತಿನ್ನುವುದಕ್ಕಲ್ಲ. ಕೊಳ್ಳುವವರು ಯಾರು? ಮೀನು, ಸೀಗಡಿ ಮೇವು ಮಾಡುವವರು ದೊಡ್ಡ ಗಿರಾಕಿ. ಜಗತ್ತಿನ ಮೀನೆಣ್ಣೆಯ ಬಹುಪಾಲು ಹೋಗುವುದು ಮೀನು ಸಾಕಣೆಗೇ, ಆ ಎಣ್ಣೆಯಲ್ಲಿ ಸುಮಾರು ಅರ್ಧ ಇಂದು ಬರುತ್ತಿರುವುದೂ ತಲೆ, ಕರುಳಿನಂಥ ಉಳಿಕೆಯಿಂದಲೇ. ಚರ್ಮ ಹದ ಮಾಡುವವರಿಗೂ ಮೀನೆಣ್ಣೆ ಬೇಕು, ಚರ್ಮ ಮೆತ್ತಗಾಗಲು ಬಳಸುತ್ತಾರೆ. ತಮಿಳುನಾಡಿನ ಚರ್ಮೋದ್ಯಮದ ಊರುಗಳಾದ ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಬೆಂಗಳೂರಿಗೆ ದೂರವೇನಲ್ಲ. ಮೂರನೆಯದು ನನಗೆ ಇಷ್ಟವಾದದ್ದು, ಮೀನೆಣ್ಣೆ ರಾಳದ ಸೋಪು. ದ್ರಾಕ್ಷಿ, ಕಾಫಿ ತೋಟದವರಿಗೆ ಇದು ಹೊಸದಲ್ಲ. ಹಿಟ್ಟು ತಿಗಣೆ, ಸಸ್ಯಹೇನಿನ ಮೈಮೇಲಿನ ಮೇಣ ಕರಗಿಸಿ ಅವನ್ನು ಕೊಲ್ಲುತ್ತದೆ. ಬಿಡಿ ಆಮ್ಲ ಜಾಸ್ತಿ ಇದ್ದರೂ ಸೋಪಿಗೆ ತೊಂದರೆ ಇಲ್ಲ, ಬೇಗ ಸೋಪಾಗುತ್ತದೆ. ಕ್ಯಾಪ್ಸೂಲಿಗೆ ದೋಷ ಆದದ್ದು ಇಲ್ಲಿ ಗುಣ. ಕೀಟನಾಶಕ ಎಂದು ಹೆಸರು ಹಾಕಿ ಮಾರಲು ಮಾತ್ರ ಪರವಾನಗಿ ಬೇಕಾಗುತ್ತದೆ. ಅದನ್ನು ತಯಾರಿಸುವವರಿಗೆ ಎಣ್ಣೆ ಮಾರುವುದು ಸುಲಭ.

ಇದೇನೂ ಹೊಸ ವಿದ್ಯೆ ಅಲ್ಲ. ಕರಾವಳಿಯಲ್ಲಿ ಬೂತಾಯಿಯನ್ನು ದೊಡ್ಡ ಕಡಾಯಿಗಳಲ್ಲಿ ಬೇಯಿಸಿ ಎಣ್ಣೆ ತೆಗೆದು ಮರದ ದೋಣಿಗೆ ಬಳಿಯುತ್ತಿದ್ದರು, ಉಳಿದ ಗಸಿ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಏನೂ ಬಿಸಾಡುತ್ತಿರಲಿಲ್ಲ.

ಬಯೋಡೀಸೆಲ್ ಬಗ್ಗೆಯೂ ಯಾರಾದರೂ ಹೇಳಿದ್ದರೆ ಕೈ ಹಾಕಬೇಡಿ. ಅದಕ್ಕೆ ಬೇಕಾದ ಮೆಥನಾಲ್ ವಿಷ, ಬೆಂಕಿಯೂ ಬೇಗ ಹಿಡಿಯುತ್ತದೆ. ಮೀನೆಣ್ಣೆಯ ಡೀಸೆಲ್ ಇಟ್ಟಲ್ಲೇ ಅಂಟಾಗುತ್ತದೆ.

ಯಾವ ಮೀನು ಬೇಡ ಎನ್ನುವುದನ್ನೂ ಹೇಳಬೇಕು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಅಂಥ ಮೀನು ಪುಕ್ಕಟೆ ಸಿಕ್ಕರೂ ಡ್ರಮ್ಮಿಗೆ ಹಾಕಬೇಡಿ. ಕೀಟನಾಶಕ, ಪಿಸಿಬಿ ಎಂಬ ಕಾರ್ಖಾನೆ ರಾಸಾಯನಿಕದಂಥ ವಿಷಗಳು ಕೊಬ್ಬಿನಲ್ಲಿ ಕರಗುತ್ತವೆ. ಎಣ್ಣೆ ತೆಗೆದರೆ ವಿಷವನ್ನೂ ಒಟ್ಟುಗೂಡಿಸಿದ ಹಾಗೆ. ಪಾದರಸ ಹಾಗಲ್ಲ, ಅದು ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಎಣ್ಣೆಗೆ ಅಷ್ಟಾಗಿ ಬರುವುದಿಲ್ಲ. ಆದರೆ ಆಗ ಕೆಳಗಿನ ಪ್ರೋಟೀನ್ ದ್ರವ ಮೇವಿಗೆ ಯೋಗ್ಯವಲ್ಲ.

ಜಾಗದ ಮಾತು. ವಸತಿ ಬೀದಿಯಲ್ಲಿ ಮೀನಿನ ಕರುಳು ಬೇಯಿಸಲು ನೆರೆಯವರೂ ಬಿಡುವುದಿಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿಯೂ ಬಿಡುವುದಿಲ್ಲ, ಬಿಡಲೂಬಾರದು. ಎಣ್ಣೆ ತೆಗೆದ ನೀರನ್ನು ಚರಂಡಿಗೆ ಸುರಿದರೆ ಕಸದ ತೊಂದರೆಯನ್ನು ರಾಜಕಾಲುವೆಗೆ ದಾಟಿಸಿದ ಹಾಗೆ ಆಗುತ್ತದೆ. ನೀವು ಅಂಗಡಿಯಲ್ಲಿ ಬೇರ್ಪಡಿಸಿ ಐಸ್ ಹಾಕಿ, ಅರೆದು, ಆಮ್ಲ ಬೆರೆಸುವವರೆಗೆ ಮಾಡಬಹುದು. ಬಿಸಿ ಮಾಡುವುದು, ಎಣ್ಣೆ ತೆಗೆಯುವುದು ಊರ ಹೊರಗೆ, ಅನುಮತಿ ಇರುವ ಜಾಗದಲ್ಲಿ. ಹುಳಿ ಹಾಕಿದ ಡ್ರಮ್ಮು ದಿನವೂ ಹೋಗಬೇಕಿಲ್ಲ, ವಾರಕ್ಕೊಮ್ಮೆ ಹೋದರೂ ಕೆಡುವುದಿಲ್ಲ. ಸೈಲೇಜ್ ನಿಮಗೆ ಕೊಡುವ ದೊಡ್ಡ ಅನುಕೂಲ ಇದೇ. ಒಬ್ಬರ 3 ಕೆಜಿ ಎಣ್ಣೆಗೆ ಯಾರೂ ಟೆಂಪೊ ಕಳಿಸುವುದಿಲ್ಲ. ಯಶವಂತಪುರದ ಸುತ್ತ ಹತ್ತು ಹದಿನೈದು ಅಂಗಡಿಯವರು ಸೇರಿದರೆ ವಾರಕ್ಕೆ ಟನ್‌ಗಟ್ಟಲೆ ಸರಕು. ಯಂತ್ರದ ಮಾತು ಎತ್ತುವುದಾದರೆ ಆಗ ಎತ್ತಿ, ಸಾಲವನ್ನೂ ಒಬ್ಬರ ಹೆಗಲಿಗೆ ಹಾಕಬೇಡಿ.

ಮೂರು ವಾರ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಎಷ್ಟು ಕೆಜಿ ಕರುಳು, ಯಾವ ಮೀನಿನದು, ಕತ್ತರಿಸಿ ಎಷ್ಟು ಹೊತ್ತಿಗೆ ಐಸಿಗೆ ಹೋಯಿತು, ಒಂದು ಕೆಜಿಗೆ ಎಷ್ಟು ಗ್ರಾಂ ಎಣ್ಣೆ ಬಂತು. ಕಸ ಒಯ್ಯುವವರಿಗೆ ಕೊಟ್ಟ ದುಡ್ಡನ್ನೂ ಪಕ್ಕದಲ್ಲೇ ಬರೆಯಿರಿ. ಆ ಪುಟಗಳನ್ನು ನನಗೆ ಕಳಿಸಿ. ಎಷ್ಟು ದೊಡ್ಡ ಪಾತ್ರೆ ಬೇಕು, ಎಣ್ಣೆಯ ಮಾದರಿಯಲ್ಲಿ ಏನೇನು ಪರೀಕ್ಷೆ ಮಾಡಿಸಬೇಕು ಎಂದು ನಿಮ್ಮದೇ ಅಂಕಿ ಇಟ್ಟುಕೊಂಡು ಬರೆಯುತ್ತೇನೆ.